ಹಿತ್ತಲಿಗೆ ಎಸೆದ ಗುಳಿಗೆಗಳು

ಹೋದ ವರ್ಷ ದಸರೆಯ ಹೊತ್ತಿಗೆ ಮಗಳು ಕುಬುಸಕ್ಕೆಂದು ಬೆಂಗಳೂರಿನಿಂದ ಕೊಟ್ಟೂರಿಗೆ ಬಂದಳು. ಏಳು ತಿಂಗಳು ತುಂಬಿತ್ತು. ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಬುತ್ತಿ, ಮನೆ ತುಂಬ ಮುತ್ತೈದೆಯರು. ಎಲ್ಲ ಮುಗಿದು ಬಂದವರು ಹೋದ ಮೇಲೆ ಅವಳು ತನ್ನ ಚೀಲ ತೆರೆದು ಒಳಗಿನ ಡಬ್ಬಿಗಳನ್ನು ಒಂದೊಂದಾಗಿ ಪಡಸಾಲೆಯ ಕಟ್ಟೆಯ ಮೇಲೆ ಜೋಡಿಸಿದಳು. ಎಣಿಸಿದೆ, ಏಳು. ಒಂದು ಕಬ್ಬಿಣದ್ದು, ಒಂದು ಕ್ಯಾಲ್ಸಿಯಂದು, ಒಂದರಲ್ಲಿ ಎಲ್ಲ ವಿಟಮಿನ್ನುಗಳೂ ಒಟ್ಟಿಗೆ, ಒಂದು ಮೀನೆಣ್ಣೆಯಂಥ ಜೆಲ್ಲಿನ ಗುಳಿಗೆ, ಒಂದು ವಿಟಮಿನ್ ಡಿ ಪುಡಿ, ಒಂದು ಚಾಕೊಲೇಟ್ ವಾಸನೆಯ ಪ್ರೋಟೀನ್ ಡಬ್ಬಿ, ಇನ್ನೊಂದು ಮೊಬೈಲಿನಲ್ಲಿ ಜಾಹೀರಾತು ನೋಡಿ ತಾನೇ ತರಿಸಿಕೊಂಡದ್ದು. ಬೆಲೆ ಕೂಡಿಸಿ ನೋಡಿದರೆ ನನ್ನ ಮೊದಲ ತಿಂಗಳ ಸಂಬಳಕ್ಕಿಂತ ಹೆಚ್ಚಾಯಿತು!

ಅದೇ ಸಂಜೆ ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬಂದು, ತಾಯಿ ಕಾರ್ಡು ನೋಡಿ, ಕೆಂಪು ಗುಳಿಗೆಯ ಪಟ್ಟಿಗಳನ್ನು ಕೊಟ್ಟು ಹೋದಳು. ಅವುಗಳಿಗೆ ಕಾಸಿಲ್ಲ. ಹೊಳೆಯುವ ಡಬ್ಬಿಗಳ ಪಕ್ಕದಲ್ಲಿ ಅವು ಬಡವರ ಮನೆಯ ಹುಡುಗಿಯ ಹಾಗೆ ಮುದುಡಿಕೊಂಡು ಕೂತಿದ್ದವು.

"ದೊಡ್ಡವ್ವಾ, ಇದ್ರಾಗೆ ಯಾವ್ದು ತಗಳ್ಳಿ, ಯಾವ್ದು ಬಿಡ್ಲಿ? ನೀನಾದ್ರೂ ಹೇಳು" ಎಂದಳು.

"ಡಾಕ್ಟರನ್ನ ಕೇಳವ್ವ, ನನಗೇನು ಗೊತ್ತು" ಎಂದು ಒಳಗೆ ಹೋದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವಳು ಕೇಳಿದ ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಅವಳ ತಾಯಿಯೂ ನನ್ನನ್ನು ಕೇಳಿದ್ದಳು. ಅದಾಗಿ ಇಪ್ಪತ್ತೆಂಟು ಇಪ್ಪತ್ತೊಂಬತ್ತು ವರ್ಷವಾಯಿತು. ಆಗ ನಾನು ಉತ್ತರ ಕೊಟ್ಟಿದ್ದೆ.

ನಾನು ಡಾಕ್ಟರಲ್ಲ. ಬಿ.ಎ., ಬಿ.ಇಡಿ. ಮಾಡಿ ಸಮಾಜ ವಿಜ್ಞಾನ ಕಲಿಸುವವಳು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಂದು ವರ್ಗವಾದಲ್ಲೆಲ್ಲ ಟ್ರಂಕು ಹೊತ್ತು ತಿರುಗಿದವಳು. ಗುಳಿಗೆಯ ವಿಷಯ ನನ್ನ ಕೊರಳಿಗೆ ಬಿದ್ದದ್ದು ಶಾಲೆಯಿಂದಲೇ. 2013ರ ಸುಮಾರಿಗೆ ಶಾಲೆಯ ಮಕ್ಕಳಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆ ಕೊಡುವ ಕಾರ್ಯಕ್ರಮ ಬಂತು. ಆಗ ನಾನು ಹರಪನಹಳ್ಳಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಬಿಸಿಯೂಟ ಆದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಗುಳಿಗೆ ನುಂಗಿಸಿ ರಿಜಿಸ್ಟರಿನಲ್ಲಿ ಗುರುತು ಹಾಕುವ ಕೆಲಸ ನನ್ನದು. ಎಂಟನೇ ತರಗತಿಯ ಹುಡುಗಿಯರು ಗುಳಿಗೆಯನ್ನು ನಾಲಿಗೆಯ ಕೆಳಗಿಟ್ಟುಕೊಂಡು ಹೋಗಿ ಕಾಂಪೌಂಡಿನ ಆಚೆ ಉಗುಳುತ್ತಿದ್ದರು. ಒಂದು ದಿನ ಕೈಗೆ ಸಿಕ್ಕ ಒಬ್ಬಳನ್ನು ಗದರಿಸಹೋದೆ. ಆದರೆ ಬಾಯಿಂದ ಮಾತೇ ಹೊರಡಲಿಲ್ಲ. ಕಳ್ಳಿಯನ್ನು ಇನ್ನೊಬ್ಬ ಕಳ್ಳಿ ಹೇಗೆ ಗದರಿಸುವುದು?

ಅಂದಿನಿಂದ ಈ ಗುಳಿಗೆ ಎಲ್ಲಿಂದ ಬಂತು, ಯಾರು ಕಂಡುಹಿಡಿದರು, ಏತಕ್ಕೆ ಕೊಡುತ್ತಾರೆ ಎಂದು ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುತ್ತಾ ಹೋದಂತೆ ಇದು ಪರದೇಶದ ಕಥೆಯಲ್ಲ, ನಮ್ಮದೇ ಕಥೆ ಎಂದು ತಿಳಿಯಿತು.

ಮೊದಲು ಕಬ್ಬಿಣದ ಮಾತು. ರಕ್ತಕ್ಕೆ ಕಬ್ಬಿಣ ಬೇಕೆನ್ನುವುದು ಹಳೆಯ ತಿಳಿವಳಿಕೆಯೇ. ನಮ್ಮ ಆಯುರ್ವೇದದ ಪಂಡಿತರು ಲೋಹಭಸ್ಮ, ಮಂಡೂರಭಸ್ಮ ಕೊಡುತ್ತಿದ್ದರು. ಫ್ರಾನ್ಸಿನಲ್ಲಿ ಬ್ಲೋ ಎಂಬ ವೈದ್ಯ 1832ರಲ್ಲಿ ಬಿಳಿಚಿಕೊಂಡ ಹೆಣ್ಣುಮಕ್ಕಳಿಗೆ ಕಬ್ಬಿಣದ ಗುಳಿಗೆ ಕೊಟ್ಟು ಹೆಸರು ಮಾಡಿದ. ನಮ್ಮಜ್ಜಿ ಇದಾವುದನ್ನೂ ಓದಿದವಳಲ್ಲ. ಆದರೂ ಬಸುರಿ ಬಾಣಂತಿಯರಿಗೆ ಅಳವಿ ಪಾಯಸ, ಅಂಟಿನ ಉಂಡೆ, ಎಳ್ಳು ಬೆಲ್ಲ ಎಂದು ಬಿಡದೆ ಮಾಡಿಕೊಡುತ್ತಿದ್ದಳು. ಕಬ್ಬಿಣದ ಬಾಣಲೆಯಲ್ಲಿ ಮಾಡಿದ ಪುಂಡಿಪಲ್ಲೆಗೆ ಇರುವ ರುಚಿ ಸ್ಟೀಲಿನದಕ್ಕೆ ಇಲ್ಲ ಎನ್ನುತ್ತಿದ್ದಳು. ಹುಳಿಯಾದ ಪಲ್ಲೆ ಕಬ್ಬಿಣದ ಪಾತ್ರೆಯಲ್ಲಿ ಬೆಂದರೆ ಒಂದಿಷ್ಟು ಕಬ್ಬಿಣ ಅಡುಗೆಗೆ ಇಳಿಯುತ್ತದೆ, ಆ ಹುಳಿಯೇ ರೊಟ್ಟಿಯ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ ಎಂದು ಮುಂದೆ ಪುಸ್ತಕದಲ್ಲಿ ಓದಿದಾಗ ಅಜ್ಜಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆದರೆ ಅಜ್ಜಿಯ ಕಾಲವೆಲ್ಲ ಚಿನ್ನದ ಕಾಲ ಎಂದು ಹೇಳಲಾರೆ. ಅಂಟಿನುಂಡೆ ಇದ್ದದ್ದು ಉಳ್ಳವರ ಮನೆಯಲ್ಲಿ. ಉಳಿದವರು ಬಸುರಿಯಲ್ಲಿ ತಿಂದದ್ದು ಜೋಳದ ರೊಟ್ಟಿ, ಒಣ ಖಾರ, ಗಂಡಸರು ಉಂಡು ಉಳಿಸಿದ್ದು. ಕೆಮ್ಮಣ್ಣು ತಿನ್ನುವ, ಒಲೆಯ ಬೂದಿ ನೆಕ್ಕುವ, ಹಸಿ ಅಕ್ಕಿ ಮುಕ್ಕುವ ಬಸುರಿಯರನ್ನು ಚಿಕ್ಕಂದಿನಲ್ಲಿ ನಾನೇ ನೋಡಿದ್ದೇನೆ. "ಬಯಕೆ" ಎಂದು ಹಿರಿಯರು ನಗುತ್ತಿದ್ದರು. ಮೈಯಲ್ಲಿ ಕಬ್ಬಿಣ ಬತ್ತಿದಾಗ ಇಂಥ ಬಯಕೆ ಹುಟ್ಟುವುದುಂಟು ಎಂದು ಆಗ ಯಾರಿಗೆ ಗೊತ್ತಿತ್ತು? ಮಣ್ಣು ತಿಂದರೆ ಆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಬದಲಿಗೆ ಹೊಟ್ಟೆಗೆ ಹುಳು ಸೇರಿ ಇದ್ದ ರಕ್ತವನ್ನೂ ಹೀರುತ್ತವೆ.

ನಮ್ಮ ಪಕ್ಕದಲ್ಲೇ ಸಂಡೂರಿನ ಬೆಟ್ಟಗಳಿವೆ. ಅಲ್ಲಿನ ಕಬ್ಬಿಣದ ಅದಿರನ್ನು ಹೊತ್ತ ಲಾರಿಗಳು 2000ದ ನಂತರದ ವರ್ಷಗಳಲ್ಲಿ ರಸ್ತೆಯಲ್ಲಿ ಸಾಲುಗಟ್ಟಿ ಹೋಗುತ್ತಿದ್ದುದನ್ನು ಈ ಕಡೆಯವರೆಲ್ಲ ಕಂಡಿದ್ದೇವೆ. ಬಸುರಿಯೊಬ್ಬಳಿಗೆ ಒಂಬತ್ತು ತಿಂಗಳಿಗೆ ಹೆಚ್ಚಿಗೆ ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ, ಅಂದರೆ ಒಂದೇ ಒಂದು ಗ್ರಾಂ. ಟನ್ನುಗಟ್ಟಲೆ ಕಬ್ಬಿಣ ಕಣ್ಣೆದುರೇ ಹಾದುಹೋದ ಸೀಮೆಯ ಹೆಣ್ಣುಮಕ್ಕಳಿಗೆ ಆ ಒಂದು ಗ್ರಾಂ ದಕ್ಕಲಿಲ್ಲ.

ಇನ್ನು ಗುಳಿಗೆಯಲ್ಲಿ ಕಬ್ಬಿಣದ ಜೊತೆಗಿರುವ ಫೋಲಿಕ್ ಆಮ್ಲದ ಕಥೆ. ಇದು ಶುರುವಾಗುವುದು ಮುಂಬಯಿಯಲ್ಲಿ.

1920ರ ದಶಕದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರು ವಿಚಿತ್ರವಾದ ರಕ್ತಹೀನತೆಯಿಂದ ಸಾಯುತ್ತಿದ್ದರು. ಕಬ್ಬಿಣ ಕೊಟ್ಟರೂ ಗುಣವಾಗುತ್ತಿರಲಿಲ್ಲ. ಇದನ್ನು ಗಮನಿಸಿದ ಮಾರ್ಗರೆಟ್ ಬಾಲ್ಫೋರ್ ಎಂಬ ವೈದ್ಯೆ ಇಂಗ್ಲೆಂಡಿನ ಲೂಸಿ ವಿಲ್ಸ್ ಎಂಬ ಇನ್ನೊಬ್ಬ ವೈದ್ಯೆಯನ್ನು ಕರೆಸಿಕೊಂಡರು. 1888ರಲ್ಲಿ ಹುಟ್ಟಿದ ಲೂಸಿ ಕೇಂಬ್ರಿಜ್‌ನಲ್ಲಿ ಸಸ್ಯಶಾಸ್ತ್ರ ಓದಿದವರು. ಆಗ ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪಾಠ ಹೇಳುತ್ತಿತ್ತು, ಪರೀಕ್ಷೆಗೂ ಕೂರಿಸುತ್ತಿತ್ತು, ಪದವಿ ಮಾತ್ರ ಕೊಡುತ್ತಿರಲಿಲ್ಲ! ಆಮೇಲೆ ಅವರು ಲಂಡನ್ನಿನ ಹೆಂಗಸರ ವೈದ್ಯಕೀಯ ಶಾಲೆಯಲ್ಲಿ ಓದಿ ವೈದ್ಯೆಯಾದರು. 1928ರಲ್ಲಿ ಮುಂಬಯಿಗೆ ಬಂದು ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದರು.

ಲೂಸಿ ಮೊದಲು ನೋಡಿದ್ದು ಹೆಂಗಸರ ತಟ್ಟೆಯನ್ನು. ಯಾರ ಊಟದಲ್ಲಿ ಸೊಪ್ಪು, ಹಣ್ಣು, ತರಕಾರಿ ಇಲ್ಲವೋ ಆ ಬಡವರಲ್ಲೇ ಈ ರೋಗ ಹೆಚ್ಚು ಎಂದು ಕಂಡಿತು. ಅಂಥದ್ದೇ ಆಹಾರವನ್ನು ಇಲಿಗಳಿಗೆ, ಆಮೇಲೆ ಮಂಗಗಳಿಗೆ ಕೊಟ್ಟು ನೋಡಿದರು. ಮಂಗಗಳು ರಕ್ತವಿಲ್ಲದೆ ಸೊರಗಿದವು. ಅವುಗಳಿಗೆ ಮಾರ್ಮೈಟ್ ಎಂಬ ಕಪ್ಪನೆಯ ಉಪ್ಪುಪ್ಪಾದ ಲೇಹ್ಯವನ್ನು ತಿನ್ನಿಸಿದಾಗ ಚೇತರಿಸಿಕೊಂಡವು. ಬಿಯರು ತಯಾರಿಸಿದ ಮೇಲೆ ಉಳಿಯುವ ಈಸ್ಟಿನಿಂದ ಮಾಡುವ, ಇಂಗ್ಲೆಂಡಿನಲ್ಲಿ ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಅಗ್ಗದ ಪದಾರ್ಥ ಅದು. ಅದನ್ನೇ ಬಸುರಿಯರಿಗೆ ಕೊಟ್ಟರು. ಸಾಯುವಂತಿದ್ದ ಹೆಂಗಸರು ಕೆಲವೇ ದಿನಗಳಲ್ಲಿ ಎದ್ದು ಕೂತರು. 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಲೂಸಿ ಇದನ್ನು ಪ್ರಕಟಿಸಿದರು. ಆ ಲೇಹ್ಯದೊಳಗೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದನ್ನು "ವಿಲ್ಸ್ ಅಂಶ" ಎಂದು ಕರೆದರು.

ಲೂಸಿ ಮುಂಬಯಿಯಲ್ಲಷ್ಟೇ ಇರಲಿಲ್ಲ. 1929ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಅಲ್ಲಿಯೇ ಮೆಕ್ಯಾರಿಸನ್ ಎಂಬುವರ ಆಹಾರ ಸಂಶೋಧನೆಯ ಪ್ರಯೋಗಾಲಯವಿತ್ತು. 1918ರಲ್ಲಿ ಸಣ್ಣದಾಗಿ ಆರಂಭವಾದ ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. 1931ರಲ್ಲಿ ಲೂಸಿ ಮದರಾಸಿನ ಕ್ಯಾಸ್ಟ್ ಅಂಡ್ ಗೋಷಾ ಆಸ್ಪತ್ರೆಯಲ್ಲಿದ್ದರು. ಮಡಿಯ ಹೆಂಗಸರಿಗೂ ಪರದೆಯ ಹೆಂಗಸರಿಗೂ ಎಂದೇ ಕಟ್ಟಿದ ಆ ಆಸ್ಪತ್ರೆ ಈಗ ಕಸ್ತೂರಬಾ ಗಾಂಧಿಯವರ ಹೆಸರಿನಲ್ಲಿದೆ.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಆಗ ಯಾವ ಸೀಮೆಗೆ ಸೇರಿದ್ದವು? ಮದರಾಸಿಗೇ ಅಲ್ಲವೇ? ಬಳ್ಳಾರಿ ಜಿಲ್ಲೆಯ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಮಕ್ಕಳಿಗೆ ಈ ಪಾಠವನ್ನು ನೂರು ಸಲ ಮಾಡಿದ್ದೇನೆ. 1997ರಲ್ಲಿ ಹರಪನಹಳ್ಳಿ ದಾವಣಗೆರೆಗೆ ಹೋದದ್ದು, ಮತ್ತೆ ಬಳ್ಳಾರಿಗೆ ಬಂದದ್ದು, 2021ರಲ್ಲಿ ನಾವೆಲ್ಲ ವಿಜಯನಗರ ಜಿಲ್ಲೆಯಾದದ್ದು, ಎಲ್ಲವನ್ನೂ ನಕ್ಷೆ ಬರೆಸಿ ಕಲಿಸಿದ್ದೇನೆ. ಆದರೆ ನಮ್ಮ ಅಜ್ಜಿಯರು ಬಿಳಿಚಿಕೊಂಡು ಸಾಯುತ್ತಿದ್ದ ಕಾಲದಲ್ಲಿ ಅದೇ ಮದರಾಸು ಪ್ರಾಂತದಲ್ಲಿ ಒಬ್ಬ ಹೆಂಗಸು ಅದಕ್ಕೆ ಮದ್ದು ಹುಡುಕುತ್ತಿದ್ದಳೆಂದು ಯಾವ ಪಾಠದಲ್ಲಿಯೂ ಹೇಳಿರಲಿಲ್ಲ. ನಾವು ಓದಿದ ಚರಿತ್ರೆಯಲ್ಲಿ ಯುದ್ಧಗಳಿದ್ದವು, ಒಪ್ಪಂದಗಳಿದ್ದವು. ಬಾಣಂತಿ ಕೋಣೆ ಇರಲಿಲ್ಲ.

ಮುಂದೆ 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಅಂಶವನ್ನು ಬೇರೆ ಮಾಡಿದರು. ಚೂರೇ ಚೂರು ಅಂಶಕ್ಕೆ ನಾಲ್ಕು ಟನ್ ಸೊಪ್ಪು ಬೇಕಾಯಿತಂತೆ. ಲ್ಯಾಟಿನ್ನಿನಲ್ಲಿ ಎಲೆಗೆ ಫೋಲಿಯಂ ಎನ್ನುತ್ತಾರೆ. ಅದರಿಂದ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಅಂದರೆ ಸೊಪ್ಪಿನ ಸಾರವೇ ಅದು. ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿ ಗುಳಿಗೆಯಾಗಲು ದಾರಿ ಮಾಡಿದ್ದು 1945ರಲ್ಲಿ ಅಮೆರಿಕದ ಲೆಡರ್ಲಿ ಪ್ರಯೋಗಾಲಯದ ತಂಡ. ಆ ತಂಡದ ಹಿರಿಯ ಯಾರೆಂದರೆ ನಮ್ಮ ನೆರೆಯ ತೆಲುಗರು, 1895ರಲ್ಲಿ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರೂ ಮದರಾಸು ಪ್ರಾಂತದವರೇ, ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿದವರೇ. ಅವರ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ರೋಗದಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಿದ್ದರು. ಫೋಲಿಕ್ ಆಮ್ಲ ಗುಣಪಡಿಸುವ ರೋಗಗಳಲ್ಲಿ ಅದೂ ಒಂದು. 1923ರಲ್ಲಿ ಅಮೆರಿಕಕ್ಕೆ ಹೋದ ಸುಬ್ಬರಾವ್ ಮತ್ತೆ ಊರಿಗೆ ಬರಲೇ ಇಲ್ಲ. 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ಗುಳಿಗೆ ಮಾತ್ರ ನಮ್ಮ ಓಣಿಗೆ ಬಂದಿದೆ.

ಬಂದದ್ದಾದರೂ ಯಾವಾಗ? 1970ರಲ್ಲಿ. ಆ ವರ್ಷ ಭಾರತ ಸರ್ಕಾರ ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿ, ಬಸುರಿಯರಿಗೆ ತಲಾ 100 ಗುಳಿಗೆ ಕೊಡಬೇಕೆಂದು ಗೊತ್ತುಮಾಡಿತು. ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. 1990ರ ದಶಕದಲ್ಲಿ ಕಬ್ಬಿಣವನ್ನು 100 ಮಿಲಿಗ್ರಾಂಗೆ ಏರಿಸಿದರು. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಆದರೆ 1980ರ ದಶಕದ ಮೌಲ್ಯಮಾಪನದಲ್ಲಿ ರಕ್ತಹೀನತೆ ಇಳಿದದ್ದು ಕಾಣಲಿಲ್ಲ. ಒಂದು, ಗುಳಿಗೆ ಸರಿಯಾಗಿ ತಲುಪಲಿಲ್ಲ. ಎರಡು, ತಲುಪಿದ ಗುಳಿಗೆಯನ್ನು ಹೆಂಗಸರು ನುಂಗಲಿಲ್ಲ.

ಏಕೆ ನುಂಗಲಿಲ್ಲ ಎಂದು ಕೇಳಿದರೆ ಆ ಎರಡನೆಯ ಸಾಲಿನಲ್ಲಿ ನಾನೂ ಇದ್ದೇನೆ.

1995ನೆಯ ಇಸವಿ. ನಾನು ಹಗರಿಬೊಮ್ಮನಹಳ್ಳಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಹೋಗಿ ವರ್ಷವಾಗಿತ್ತು. ನೌಕರಿ ಹೊಸದು. ನಾನೂ ನನ್ನ ನೆಗೆಣ್ಣಿಯೂ ಮೂರು ತಿಂಗಳ ಅಂತರದಲ್ಲಿ ಬಸುರಾದೆವು. ಅವಳು ನನ್ನ ಮೈದುನನ ಹೆಂಡತಿ, ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು, ಇಪ್ಪತ್ತು ತುಂಬಿತ್ತೋ ಇಲ್ಲವೋ. ನಾನು ಶಾಲೆಗೆ ಹೋದರೆ ಅವಳು ಹೊಲಕ್ಕೆ ಹೋಗುತ್ತಿದ್ದಳು. ಆರೋಗ್ಯ ಕೇಂದ್ರದ ಸಿಸ್ಟರು ತಿಂಗಳಿಗೊಮ್ಮೆ ಬಸ್ಸಿಳಿದು ನಡೆದುಕೊಂಡು ಬಂದು, ಡಬ್ಬಿಯಿಂದ ಗುಳಿಗೆಗಳನ್ನು ಎಣಿಸಿ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಇಬ್ಬರಿಗೂ ಕೊಡುತ್ತಿದ್ದಳು. ಮಳೆಗಾಲದ ಹವೆಗೆ ಗುಳಿಗೆಗಳು ಒಂದಕ್ಕೊಂದು ಅಂಟಿ, ತುಕ್ಕಿನ ವಾಸನೆ ಬರುತ್ತಿತ್ತು.

"ಸರ್ಕಾರದ ಗುಳಿಗಿ ತಿಂದ್ರೆ ಕೂಸು ಕರ್ರಗೆ ಹುಟ್ತದಂತವ್ವಾ, ಬ್ಯಾಡ" ಎಂದರು ಅತ್ತೆ. ಕೂಸು ದಪ್ಪಾಗಿ ಹೆರಿಗೆ ಕಷ್ಟವಾಗುತ್ತದೆ ಎಂದಳು ಪಕ್ಕದ ಮನೆಯಾಕೆ. ಅದರ ಹಿಂದೆ ಇನ್ನೊಂದು ಅನುಮಾನವೂ ಇತ್ತು. ತುರ್ತು ಪರಿಸ್ಥಿತಿಯ ಕಾಲದ ಆಪರೇಷನ್ನಿನ ನೆನಪು ಹಳ್ಳಿಯವರಿಂದ ಇನ್ನೂ ಹೋಗಿರಲಿಲ್ಲ. ಗುಳಿಗೆ ಕೊಡುವ ಸಿಸ್ಟರೇ ಆಪರೇಷನ್ನಿಗೂ ಕರೆಯುವವಳು. ಪುಕ್ಕಟೆ ಕೊಡುತ್ತಾರೆಂದರೆ ಒಳಗೇನೋ ಇದೆ ಎಂದು ಜನ ನಂಬಿದ್ದರು. ಪಾಪ, ಆ ಸಿಸ್ಟರು ಬಿಸಿಲಲ್ಲಿ ನಡೆದದ್ದಷ್ಟೇ ಬಂತು.

ನಾನು ಇವನ್ನೆಲ್ಲ ನಂಬಿದವಳಲ್ಲ. ನನ್ನದು ಓದಿದವರ ಮೂಢನಂಬಿಕೆ. ಪುಕ್ಕಟೆ ಗುಳಿಗೆ ಕಳಪೆ, ದುಡ್ಡು ಕೊಟ್ಟದ್ದು ಒಳ್ಳೆಯದು ಎಂದು. ಎರಡು ದಿನ ನುಂಗಿದೆ, ವಾಕರಿಕೆ ಬಂತು, ಕಕ್ಕಸು ಕಪ್ಪಗಾಯಿತು, ಹೆದರಿದೆ. ಪೊಟ್ಟಣವನ್ನು ಹಿತ್ತಲ ತಿಪ್ಪೆಗೆ ಎಸೆದು, ಮೆಡಿಕಲ್ ಶಾಪಿನಿಂದ ಬಣ್ಣದ ಚೀಟಿಯ ಟಾನಿಕ್ ಬಾಟಲಿ ತರಿಸಿಕೊಂಡೆ. ನೆಗೆಣ್ಣಿ ನಿಂತು ನೋಡಿದಳು.

"ಅಕ್ಕಾ, ನಾನು ಇದನ್ನ ತಗಳ್ಳಾ, ಬಿಡ್ಲಾ?" ಎಂದು ಕೇಳಿದಳು.

"ಬಿಡು, ಅದ್ರಾಗೇನೈತಿ" ಎಂದೆ. ನಾನು ಕೊಟ್ಟ ಉತ್ತರ ಇದು.

ಮಾರನೆಯ ತಿಂಗಳು ಸಿಸ್ಟರು ಗದರಿದಾಗ ಅವಳು "ಓದಿದಾಕಿ ನಮ್ಮಕ್ಕನೇ ತಿನ್ನಂಗಿಲ್ಲ, ನಾನ್ಯಾಕೆ ತಿನ್ಲಿ" ಎಂದು ನಕ್ಕಳಂತೆ. ಅವಳಿಗೆ ಟಾನಿಕ್ ಬಾಟಲಿ ಯಾರೂ ತರಲಿಲ್ಲ. ನಾನೂ ತರಲಿಲ್ಲ. ಕೊನೆಕೊನೆಗೆ ಅವಳ ಕಾಲು ಬಾತು, ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು, ಉಗುರು ಸುಣ್ಣದ ಹಾಗಾಗಿತ್ತು. "ಬಸುರಿ ಅಂದ ಮ್ಯಾಲೆ ಇದ್ದದ್ದೇ" ಎಂದು ಎಲ್ಲರೂ ಸುಮ್ಮನಿದ್ದೆವು. ಅವಳ ಸೆರಗಿನ ಗಂಟಿನಲ್ಲಿ ಕೆಮ್ಮಣ್ಣಿನ ಹೆಂಟೆ ಇರುತ್ತಿತ್ತು.

ನನ್ನ ಹೆರಿಗೆ ಡಿಸೆಂಬರಿನಲ್ಲಿ ಆಯಿತು, ಗಂಡು ಮಗು. ಅವಳದು 1996ರಲ್ಲಿ ಕೊಟ್ಟೂರು ತೇರು ಮುಗಿದ ಮೇಲೆ, ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲಿ. ಹೆಣ್ಣು ಕೂಸು ಹುಟ್ಟಿತು, ರಕ್ತ ಹೋಗುವುದು ನಿಲ್ಲಲಿಲ್ಲ. ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ ಆಸ್ಪತ್ರೆಗೆ ಒಯ್ದರು. ಅಲ್ಲಿ ರಕ್ತವಿರಲಿಲ್ಲ, ದೊಡ್ಡ ಊರಿಗೆ ಕರೆದುಕೊಂಡು ಹೋಗಿ ಎಂದರು. ಅವಳು ದಾರಿಯಲ್ಲೇ ಹೋದಳು.

ಹೆರಿಗೆಯಲ್ಲಿ ಅರ್ಧ ಲೀಟರಿನವರೆಗೆ ರಕ್ತ ಹೋಗುವುದು ಸಾಮಾನ್ಯ. ಮೈತುಂಬ ರಕ್ತವಿದ್ದವಳು ತಡೆದುಕೊಳ್ಳುತ್ತಾಳೆ. ನೀರಾದ ರಕ್ತದವಳಿಗೆ ಅಷ್ಟೇ ಸಾಕು ಸಾಯಲು. ಗುಳಿಗೆ ನುಂಗಿದ್ದರೆ ಅವಳು ಉಳಿಯುತ್ತಿದ್ದಳೇ? ಈ ಪ್ರಶ್ನೆಯನ್ನು ನನಗೆ ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಖಂಡಿತ ಎಂದು ಯಾವ ಡಾಕ್ಟರೂ ಹೇಳಲಾರರು. ಇಬ್ಬರೂ ಒಂದೇ ಹಿತ್ತಲಿಗೆ ಎಸೆದೆವು. ನನಗೆ ಸಂಬಳವಿತ್ತು, ಹಾಲು ಹಣ್ಣು ಇತ್ತು, ಟಾನಿಕ್ ಇತ್ತು, ನಾನು ಉಳಿದೆ. ಅವಳಿಗೆ ಇದ್ದದ್ದು ಆ ಪುಕ್ಕಟೆ ಗುಳಿಗೆ ಒಂದೇ. ಅದನ್ನೂ ನಾನು ಬಿಡಿಸಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಾವು ಮದ್ದನ್ನೇ ಹಿತ್ತಲಿಗೆ ಎಸೆದವರು.

ನನ್ನ ಮಗ ಮೂರು ತಿಂಗಳ ಕೂಸು, ಎದೆಯಲ್ಲಿ ಹಾಲಿತ್ತು. ಇಬ್ಬರಿಗೂ ಕುಡಿಸಿದೆ. ಹಾಗೆ ಬೆಳೆದವಳೇ ಈಗ ಏಳು ಡಬ್ಬಿ ಮುಂದಿಟ್ಟುಕೊಂಡು "ದೊಡ್ಡವ್ವಾ, ಯಾವ್ದು ತಗಳ್ಳಿ" ಎಂದು ಕೇಳಿದವಳು.

ಮರುದಿನ ಅವಳ ರಕ್ತ ಪರೀಕ್ಷೆಯ ಚೀಟಿ ನೋಡಿದೆ. ಹಿಮೋಗ್ಲೋಬಿನ್ 9.6. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ಅಪಾಯ. ಏಳು ಡಬ್ಬಿ ಖಾಲಿ ಮಾಡುವವಳಿಗೆ ಇಷ್ಟೇಕೆ? ಹೇಗೆ ತಗೊಳ್ಳುತ್ತೀ ಎಂದು ಕೇಳಿದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಎಲ್ಲವನ್ನೂ ಒಂದೇ ಮುಷ್ಟಿಗೆ ಹಾಕಿಕೊಂಡು ಕಾಫಿಯ ಜೊತೆ ನುಂಗುತ್ತಿದ್ದಳಂತೆ! ಕ್ಯಾಲ್ಸಿಯಂ ಮತ್ತು ಕಬ್ಬಿಣ ಸವತಿಯರ ಹಾಗೆ, ಒಟ್ಟಿಗೆ ಹೋದರೆ ಕಬ್ಬಿಣಕ್ಕೆ ಜಾಗ ಸಿಗುವುದಿಲ್ಲ. ನಡುವೆ ಎರಡು ಗಂಟೆಯಾದರೂ ಬಿಡಬೇಕು. ಕಾಫಿ ಚಹಾ ಕುಡಿದರೆ ಇರುವ ಕಬ್ಬಿಣವೂ ಮೈಗೆ ಹತ್ತದು. ನಿಂಬೆಹಣ್ಣಿನ ನೀರಿನ ಜೊತೆ ತಗೊಂಡರೆ ಚೆನ್ನಾಗಿ ಹತ್ತುತ್ತದೆ.

ಕೊಟ್ಟೂರಿನಲ್ಲೇ ಒಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ, ಏಳೂ ಡಬ್ಬಿಗಳ ಸಮೇತ. ಆಕೆ ಒಂದೊಂದನ್ನೇ ತಿರುಗಿಸಿ ಓದಿದರು. ಕಬ್ಬಿಣ ಮತ್ತು ಫೋಲಿಕ್ ಆಮ್ಲ ಬೇಕೇಬೇಕು, ಇವಳಿಗೆ ರಕ್ತ ಕಡಿಮೆಯಿರುವುದರಿಂದ ಸದ್ಯ ದಿನಕ್ಕೆ ಎರಡು. ಡಬ್ಬಿಯ ಕಬ್ಬಿಣ, ಪುಕ್ಕಟೆ ಕೆಂಪು ಗುಳಿಗೆ ಎರಡೂ ಒಂದೇ ಕೆಲಸ ಮಾಡುತ್ತವೆ, ಯಾವುದಾದರೂ ಒಂದು ಸಾಕು. ಕ್ಯಾಲ್ಸಿಯಂ ಬೇಕು, ಆದರೆ ಬೇರೆ ಹೊತ್ತಿನಲ್ಲಿ. ಎಲ್ಲ ವಿಟಮಿನ್ನುಗಳಿರುವ ಡಬ್ಬಿ, ಜಾಹೀರಾತಿನ ಡಬ್ಬಿ ಎರಡರಲ್ಲೂ ವಿಟಮಿನ್ ಎ ಇತ್ತು. ಹಾಗೆ ಎರಡೆರಡು ಕಡೆಯಿಂದ ಸೇರಿಸಿಕೊಳ್ಳಬಾರದು, ಸೊಪ್ಪು ಗಜ್ಜರಿಯಿಂದ ಬರುವುದಕ್ಕೆ ಭಯವಿಲ್ಲ, ಗುಳಿಗೆಯ ರೆಟಿನಾಲ್ ಮಿತಿಮೀರಿದರೆ ಹೊಟ್ಟೆಯ ಕೂಸಿಗೆ ಕೇಡು ಎಂದರು. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅದನ್ನು ಕೇಳಿ ಬಿ12 ಪರೀಕ್ಷೆ ಮಾಡಿಸಿದರು. ಬಿ12 ಕಡಿಮೆ ಇದ್ದು ಬರೀ ಫೋಲಿಕ್ ಆಮ್ಲ ತಗೊಂಡರೆ ರಕ್ತ ಸರಿಹೋದಂತೆ ಕಂಡರೂ ಒಳಗೆ ನರಗಳು ಕೆಡುತ್ತಾ ಹೋಗಬಹುದಂತೆ. ಹಾಲು ಮೊಸರು ಬಿಡಬೇಡ ಎಂದರು. ಪ್ರೋಟೀನ್ ಡಬ್ಬಿಯನ್ನು ಮೂಸಿ ನೋಡಿ, "ಇದನ್ನ ನಿಮ್ಮ ಯಜಮಾನ್ರಿಗೆ ಕುಡಿಸು, ನೀನು ಬೇಳೆ, ಹೆಸರುಕಾಳು, ಶೇಂಗಾ ತಿನ್ನು" ಎಂದು ನಕ್ಕರು.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಬಸುರಿಯರೆಲ್ಲರಿಗೂ ದಿನಾ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಬೇಕು. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಅದೂ ಬೇಕು. ಸಿ, ಇ, ಬಿ6 ಗುಳಿಗೆಗಳನ್ನು ಎಲ್ಲರಿಗೂ ಕೊಡಬೇಕಾಗಿಲ್ಲ. ಹೊಳೆಯುವ ಡಬ್ಬಿಗಳ ಅಂಗಡಿಯಲ್ಲಿ ಈ ಮಾತನ್ನು ಯಾರೂ ಬರೆದು ತೂಗುಹಾಕುವುದಿಲ್ಲ.

ಇನ್ನೊಂದು ಮಾತನ್ನು ಮದುವೆಯಾದ ಹುಡುಗಿಯರಿಗೆ ಹೇಳಬೇಕು. 1991ರಲ್ಲಿ ಏಳು ದೇಶಗಳಲ್ಲಿ ನಡೆದ ಪರೀಕ್ಷೆಯಿಂದ ಒಂದು ಸಂಗತಿ ಗೊತ್ತಾಯಿತು. ಬೆನ್ನುಹುರಿ, ತಲೆ ಸರಿಯಾಗಿ ಕೂಡದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರು ಬಸುರಾಗುವ ಮೊದಲೇ ಫೋಲಿಕ್ ಆಮ್ಲ ತಗೊಂಡರೆ, ಮತ್ತೆ ಅಂಥ ಮಗು ಹುಟ್ಟುವುದು ಶೇಕಡಾ 72ರಷ್ಟು ಕಡಿಮೆಯಾಯಿತು. ಮಗುವಿನ ಬೆನ್ನುಹುರಿಯ ನಾಳ ಕೂಡಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ. ನಮ್ಮ ಕಡೆ ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಹೇಳುವ ಹೊತ್ತಿಗೆ ಆ ಗುಳಿಗೆಯ ಕೆಲಸದ ಹೊತ್ತು ಮೀರಿರುತ್ತದೆ. ಊರಿಗೆ ಹೇಳಬೇಡಿ, ಚಿಂತೆಯಿಲ್ಲ. ಮಗು ಬೇಕೆಂದು ನಿರ್ಧರಿಸಿದ ದಿನವೇ ಡಾಕ್ಟರಿಗೆ ಹೇಳಿ, 400 ಮೈಕ್ರೋಗ್ರಾಂನ ಆ ಚಿಕ್ಕ ಗುಳಿಗೆ ಶುರು ಮಾಡಿ. ಅಂಥ ಮಗು ಹಿಂದೆ ಹುಟ್ಟಿದ್ದರೆ ಹೆಚ್ಚಿನ ಪ್ರಮಾಣ ಬೇಕು, ಅದನ್ನು ಡಾಕ್ಟರೇ ಹೇಳಬೇಕು.

ಈಗ ಕಾಲ ಬದಲಾಗಿದೆ. ಗುಳಿಗೆಗಳು ಪೊಟ್ಟಣದಲ್ಲಲ್ಲ, ಪಟ್ಟಿಯಲ್ಲಿ ಬರುತ್ತವೆ. 2018ರಿಂದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೊಡುತ್ತಾರೆ. ಹುಳುವಿಗೆ ಮಾತ್ರೆ ಕೊಡುತ್ತಾರೆ. ರಕ್ತ ತೀರ ಕಡಿಮೆಯಿದ್ದರೆ ಆಸ್ಪತ್ರೆಯಲ್ಲಿ ಕಬ್ಬಿಣವನ್ನು ನರಕ್ಕೇ ಹಾಕುತ್ತಾರೆ. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಎಂದು ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಶುರುವಾಯಿತು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52 ಜನರಿಗೆ ರಕ್ತ ಕಡಿಮೆ. ಕೊಡುವುದು ಒಂದು, ನುಂಗುವುದು ಇನ್ನೊಂದು. ಆ ಎರಡರ ನಡುವೆ ಒಂದು ಮನೆ ಇರುತ್ತದೆ, ಆ ಮನೆಯಲ್ಲಿ ನನ್ನಂಥವಳೊಬ್ಬಳು ಇರುತ್ತಾಳೆ.

ಡಾಕ್ಟರಮ್ಮನ ಹತ್ತಿರ ಹೋಗಿ ಬಂದ ದಿನ ರಾತ್ರಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳ ತಾಯಿ ಹೆರಿಗೆಯಲ್ಲಿ ಹೋದಳೆಂದು ಅವಳಿಗೆ ಗೊತ್ತಿತ್ತು. ತಿಪ್ಪೆಗೆ ಎಸೆದ ಪೊಟ್ಟಣದ ವಿಷಯ, "ಬಿಡು, ಅದ್ರಾಗೇನೈತಿ" ಎಂದ ನನ್ನ ಮಾತು ಗೊತ್ತಿರಲಿಲ್ಲ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ಅಳುತ್ತಾಳೇನೋ ಎಂದುಕೊಂಡೆ. ನಿಂಬೆಹಣ್ಣು ಹಿಂಡಿದ ಲೋಟ ಹಿಡಿದುಕೊಂಡು ಬಂದು, ಕೆಂಪು ಗುಳಿಗೆಯ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, "ನೀನೇ ಬಿಡಿಸಿ ಕೊಡು" ಎಂದಳು.

ಅಂದಿನಿಂದ ಹೆರಿಗೆಯಾಗುವವರೆಗೂ, ಬಾಣಂತನ ಮುಗಿಸಿ ಬೆಂಗಳೂರಿಗೆ ಹೋಗುವವರೆಗೂ ನಾನೇ ಬಿಡಿಸಿ ಕೊಟ್ಟೆ. ಹೆಣ್ಣು ಕೂಸು, ಎರಡು ಕಿಲೋ ಒಂಬೈನೂರು ಗ್ರಾಂ. ಬಣ್ಣ ನಮ್ಮ ಮನೆಯವರದೇ, ಗುಳಿಗೆಗೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಮನೆಯಲ್ಲೂ ಒಬ್ಬ ಮಗಳೋ, ಸೊಸೆಯೋ, ಕೆಲಸಕ್ಕೆ ಬರುವ ಹುಡುಗಿಯೋ ಬಸುರಾಗಿರಬಹುದು. ಅವಳಿಗೆ ಗುಳಿಗೆ ಸಿಕ್ಕಿದೆಯೇ ಎಂದು ಕೇಳಿದರೆ ಸಾಲದು. ಇವತ್ತು ನುಂಗಿದಳೇ, ಯಾವುದರ ಜೊತೆ ನುಂಗಿದಳು ಎಂದು ಕೇಳಿ. ಅವಳೇ ಬಂದು "ತಗಳ್ಳಾ, ಬಿಡ್ಲಾ" ಎಂದು ಕೇಳಿದರೆ ಉತ್ತರ ಕೊಡುವ ಮೊದಲು ಒಂದು ಗಳಿಗೆ ಯೋಚಿಸಿ. ಓದಿದವರ ಮಾತನ್ನು ಜನ ನಂಬುತ್ತಾರೆ.